ಸುಣ್ಣ-ಬಣ್ಣಕ್ಕೆ ಎಷ್ಟು ಬೇಕಾದೀತು?

“ಏನ್ರೀ, ಮನೆಗೆ ಬಣ್ಣ ಹೊಡೆಸಬೇಕು ಅಂತಿದ್ದೀವಿ, ಎಷ್ಟಾಗಬಹುದು?” ಶ್ರಾವಣ ಮುಗಿದು ಗೌರಿ ಹಬ್ಬ ಹತ್ತಿರ ಬಂತೆಂದರೆ ರಾಜಾಜಿನಗರದಿಂದ ಕೆಂಗೇರಿಯವರೆಗೆ ತರಕಾರಿ ಗಾಡಿಯ ಮುಂದೆ, ದೇವಸ್ಥಾನದ ಕಟ್ಟೆಯ ಮೇಲೆ ನಮ್ಮ ಹೆಂಗಸರ ಬಾಯಲ್ಲಿ ಇದೇ ಮಾತು. ಉತ್ತರವೂ ಸಿದ್ಧವಾಗಿರುತ್ತದೆ: “ಚದರಡಿಗೆ ಇಷ್ಟು ರೂಪಾಯಿ ಅಂತೆ.” ಈ ಒಂದು ಮಾತು ಕೇಳಿ ಕೆಲಸ ಶುರು ಮಾಡಿಸಿದವರು ಕೊನೆಗೆ ಹಣ ಹೊಂದಿಸಲು ಪಡುವ ಪಾಡು ನಿಮಗೂ ಗೊತ್ತಿದ್ದೀತು.

ವಿಜಯನಗರದಲ್ಲಿ ನನಗೆ ಪರಿಚಯದ ಒಂದು ಮನೆ. ಮಗಳ ನಿಶ್ಚಿತಾರ್ಥ ಮನೆಯಲ್ಲೇ ಎಂದು ಬಣ್ಣ ಹೊಡೆಸಲು ಹೊರಟರು. ಮೇಸ್ತ್ರಿ ಮನೆಯನ್ನು ಒಂದು ಸುತ್ತು ಹಾಕಿ “ಎಲ್ಲಾ ಸೇರಿ ನಲವತ್ತು ಸಾವಿರ ಅಮ್ಮಾ” ಎಂದ. ಕೆಲಸ ಅರ್ಧವಾದಾಗ ಪುಟ್ಟಿಗೆ ಬೇರೆ ಆರು ಸಾವಿರ, ಗ್ರಿಲ್ಲು-ಗೇಟಿಗೆ ಏಳೂವರೆ ಸಾವಿರ, ಸಾರುವೆ ಕಟ್ಟಿದ್ದಕ್ಕೆ ಮೂರು ಸಾವಿರ, ಸಾಮಾನು ಸರಿಸಿ ಕಸ ಹೊತ್ತು ಹಾಕಿದ್ದಕ್ಕೆ ಒಂದೂವರೆ ಸಾವಿರ ಎಂದು ಬಂತು. ನಲವತ್ತು ಹೋಗಿ ಐವತ್ತೆಂಟಾಯಿತು. ನಾಲ್ಕು ದಿನದಲ್ಲಿ ಬೀಗರು ಬರುತ್ತಾರೆ, ಅರ್ಧ ಬಣ್ಣದ ಗೋಡೆ ಇಟ್ಟುಕೊಂಡು ಜಗಳ ಆಡೋಕಾಗುತ್ತದೆಯೇ? ಆ ತಾಯಿ ಕೈಬಳೆ ಅಡವಿಟ್ಟರು. ಮೋಸ ಅಂತ ಹೇಳುವ ಹಾಗೂ ಇಲ್ಲ. ಪುಟ್ಟಿ ಹಾಕಿದ್ದು ನಿಜ, ಸಾರುವೆ ಕಟ್ಟಿದ್ದೂ ನಿಜ. ಯಾವುದನ್ನೂ ಮೊದಲೇ ಹೇಳಿರಲಿಲ್ಲ, ಇವರು ಕೇಳಿರಲಿಲ್ಲ, ಅಷ್ಟೆ.

ಆದ್ದರಿಂದ ಈ ಸಲ ಬಣ್ಣದ ಲೆಕ್ಕವನ್ನೇ ಬಿಡಿಸಿ ನೋಡೋಣ. ಪೇಪರು, ಪೆನ್ಸಿಲ್, ಹೊಲಿಗೆ ಡಬ್ಬದಲ್ಲಿರುವ ಅಳತೆ ಟೇಪು ಇಷ್ಟಿದ್ದರೆ ಸಾಕು.

ಯಾವ ಚದರಡಿ?

ನಮ್ಮ ಬೆಂಗಳೂರಿನಲ್ಲಿ ಮನೆ ಕಟ್ಟುವವರು ‘ಚದರ’ದ ಲೆಕ್ಕ ಹೇಳುತ್ತಾರೆ. ಒಂದು ಚದರ ಅಂದರೆ ನೂರು ಚದರಡಿ. ಎಂಟು ಚದರದ ಮನೆ ಅಂದರೆ ನೆಲ 800 ಚದರಡಿ. ಬಣ್ಣ ಹೊಡೆಯುವುದು ನೆಲಕ್ಕಲ್ಲವಲ್ಲ, ಗೋಡೆಗೆ! ಕೆಲವರು ನೆಲದ ಚದರಡಿಗೆ ದರ ಹೇಳುತ್ತಾರೆ, ಕೆಲವರು ಗೋಡೆಯ ಚದರಡಿಗೆ. ಗೊಂದಲ ಹುಟ್ಟುವುದೇ ಇಲ್ಲಿ.

ಒಂದು ಕೋಣೆ ಅಳೆದು ನೋಡಿ. ಹನ್ನೆರಡು ಅಡಿಗೆ ಹತ್ತಡಿ, ಎತ್ತರ ಹತ್ತಡಿ. ನಾಲ್ಕು ಗೋಡೆಯ ಸುತ್ತಳತೆ 44 ಅಡಿ. ಎತ್ತರದಿಂದ ಗುಣಿಸಿದರೆ 440 ಚದರಡಿ. ಸೀಲಿಂಗ್ 120 ಸೇರಿಸಿದರೆ 560. ನೆಲ 120 ಇದ್ದ ಕಡೆ ಬಣ್ಣ 560! ದೊಡ್ಡ ಹಾಲಿನಲ್ಲಿ ಇಷ್ಟು ಅಂತರ ಇರುವುದಿಲ್ಲ. ಅಡಿಗೆಮನೆ, ಬಚ್ಚಲುಮನೆಯಲ್ಲಿ ಅರ್ಧಕ್ಕೆ ಟೈಲ್ಸ್ ಇರುತ್ತದೆ. ಎಲ್ಲಾ ಸೇರಿಸಿ ನೋಡಿದರೆ ನೆಲದ ಅಳತೆಯ ಮೂರರಿಂದ ನಾಲ್ಕು ಪಟ್ಟು ಬಣ್ಣದ ಅಳತೆ ಬರುತ್ತದೆ. ಎಂಟು ಚದರದ ಮನೆಗೆ ಒಳಗಿನ ಬಣ್ಣ ಸುಮಾರು 2,800 ಚದರಡಿ ಅಂತ ಇಟ್ಟುಕೊಳ್ಳಿ.

ಈಗ ಇಬ್ಬರು ಮೇಸ್ತ್ರಿಗಳು ಬಂದರು. ಒಬ್ಬ “ಚದರಡಿಗೆ 16” ಎಂದ, ಇನ್ನೊಬ್ಬ “45” ಎಂದ. ಎರಡನೆಯವನನ್ನು ಬಾಗಿಲಿನಿಂದಲೇ ಕಳಿಸಿಬಿಡುತ್ತೀರಿ, ಅಲ್ಲವೇ? ತಾಳಿ. ಮೊದಲನೆಯವನದು ಗೋಡೆಯ ಲೆಕ್ಕ: 2,800 ಗುಣಿಸು 16 ಅಂದರೆ 44,800 ರೂಪಾಯಿ. ಎರಡನೆಯವನದು ನೆಲದ ಲೆಕ್ಕ: 800 ಗುಣಿಸು 45 ಅಂದರೆ 36,000 ರೂಪಾಯಿ. ದುಬಾರಿ ಅನ್ನಿಸಿದ್ದೇ ಅಗ್ಗವಾಯಿತು. ಹಾಗಂತ ಎರಡನೆಯವನಿಗೇ ಒಪ್ಪಿಸಿ ಅಂತಲೂ ನಾನು ಹೇಳೋದಿಲ್ಲ. ಆ ಹಣಕ್ಕೆ ಅವನು ಏನೇನು ಮಾಡುತ್ತಾನೆ ಅನ್ನುವುದು ಇನ್ನೂ ಗೊತ್ತಾಗಲಿಲ್ಲವಲ್ಲ.

ಬಾಗಿಲು, ಕಿಟಕಿಯ ಜಾಗ ಕಳೆಯಬೇಕೋ ಬೇಡವೋ ಅನ್ನುವುದು ಇನ್ನೊಂದು ತಕರಾರು. ಇದಕ್ಕೆ ಐ.ಎಸ್. 1200 ಎಂಬ ಭಾರತೀಯ ಮಾನಕದಲ್ಲಿ ಪದ್ಧತಿ ಇದೆ. ಅರ್ಧ ಚದರ ಮೀಟರಿಗಿಂತ ಚಿಕ್ಕ ತೂತುಗಳನ್ನು ಕಳೆಯುವುದಿಲ್ಲ. ಅದಕ್ಕಿಂತ ದೊಡ್ಡದು, ಮೂರು ಚದರ ಮೀಟರಿನೊಳಗೆ (ಅಂದರೆ ಸುಮಾರು 32 ಚದರಡಿಯೊಳಗೆ) ಇದ್ದರೆ ಗೋಡೆಯ ಎರಡು ಮಗ್ಗುಲಲ್ಲಿ ಒಂದರಲ್ಲಿ ಮಾತ್ರ ಕಳೆಯುತ್ತಾರೆ. ಕಿಟಕಿಯ ಪಕ್ಕದ ದಪ್ಪಕ್ಕೂ ಬಣ್ಣ ಬಳಿಯಬೇಕಲ್ಲ, ಅದಕ್ಕೆ ಇದು ಸರಿ ಹೋಗುತ್ತದೆ. ಆದ್ದರಿಂದ ಮೇಸ್ತ್ರಿ ಎಲ್ಲಾ ಕಿಟಕಿಯನ್ನೂ ಕಳೆಯಲಿಲ್ಲ ಅಂತ ಬೇಸರ ಬೇಡ. ಆದರೆ ಗೋಡೆ ತುಂಬ ಬೀರು ಕೂರಿಸಿ, ಹಿಂದೆ ಬಣ್ಣವೇ ಹೊಡೆಯದಿದ್ದರೆ ಆ ಜಾಗ ಖಂಡಿತ ಕಳೆಸಿ.

ಹಣ ಹೋಗುವುದೆಲ್ಲಿ?

ಅದೇ ಎಂಟು ಚದರದ ಮನೆಗೆ ಹಳೇ ಬಣ್ಣದ ಮೇಲೆ ಮತ್ತೆ ಬಣ್ಣ ಹೊಡೆಸುವ ಲೆಕ್ಕ ನೋಡಿ. ಅಂಗಡಿಯಿಂದ ಅಂಗಡಿಗೆ ಸ್ವಲ್ಪ ಹೆಚ್ಚು ಕಡಿಮೆ ಇದ್ದೀತು.

ಒಂದು ಲೀಟರ್ ಎಮಲ್ಷನ್ ಎರಡು ಕೋಟಿಗೆ ಸುಮಾರು 130 ಚದರಡಿ ಬರುತ್ತದೆ. ಗೋಡೆ 2,000 ಚದರಡಿಗೆ 16 ಲೀಟರ್ ಬೇಕು. ಮೇಲ್ದರ್ಜೆಯದು ಲೀಟರಿಗೆ 380ರಂತೆ ಹಿಡಿದರೆ 6,080 ರೂ. ಸೀಲಿಂಗ್ 800 ಚದರಡಿಗೆ ಸಾಧಾರಣ ಬಿಳಿ ಎಮಲ್ಷನ್ 6 ಲೀಟರ್, 180ರಂತೆ 1,080 ರೂ. ಪ್ರೈಮರ್ ಒಂದು ಕೋಟಿಗೆ 14 ಲೀಟರ್, 130ರಂತೆ 1,820 ರೂ. ಅಲ್ಲಲ್ಲಿ ತಿದ್ದಲು 40 ಕಿಲೋ ಪುಟ್ಟಿ, ಸುಮಾರು 1,200 ರೂ. ಸ್ಯಾಂಡ್ ಪೇಪರ್, ಬ್ರಷ್ಷು, ರೋಲರ್, ನೆಲಕ್ಕೆ ಹಾಸುವ ಪ್ಲಾಸ್ಟಿಕ್ ಎಂದು ಒಂದು ಸಾವಿರ. ಸಾಮಾನು ಒಟ್ಟು 11,180 ರೂ.

ಕೂಲಿ? ಗೋಡೆಯ ಚದರಡಿಗೆ ಎಂಟರಂತೆ ಹಿಡಿದರೂ 22,400 ರೂ. ಎರಡೂ ಸೇರಿ 33,580 ರೂ. ಅಂದರೆ ಚದರಡಿಗೆ ಸುಮಾರು 12. ಬಾಗಿಲು, ಗ್ರಿಲ್ಲಿನ ಎನಾಮಲ್ ಕೆಲಸ ಇದರಲ್ಲಿ ಸೇರಿಲ್ಲ.

ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಮೂರು ಪಾಲಿನಲ್ಲಿ ಎರಡು ಪಾಲು ಹೋಗುವುದು ಕೂಲಿಗೆ, ಬಣ್ಣಕ್ಕಲ್ಲ. ‘ಉಳಿತಾಯ’ ಅಂತ ಗೋಡೆಗೂ 180 ರೂಪಾಯಿಯ ಬಣ್ಣವನ್ನೇ ತಂದರೆ ಉಳಿಯುವುದು 3,200 ರೂಪಾಯಿ ಮಾತ್ರ. ಅಗ್ಗದ ಬಣ್ಣ ಬೇಗ ಮಾಸಿ, ಒರೆಸಿದರೆ ಏಳುತ್ತದೆ. ಎರಡು ವರ್ಷ ಮುಂಚೆಯೇ ಮತ್ತೆ 22,400ರ ಕೂಲಿ ಕೊಡಬೇಕು. ಬಡತನದ ಮನೆಯಲ್ಲಿ ಅಗ್ಗದ ಬಣ್ಣವೇ ದುಬಾರಿ! ಕೂಲಿ ಎರಡು ಸಲ ಕೊಡುವ ಬದಲು ಬಣ್ಣ ಒಂದು ಸಲ ಚೆನ್ನಾಗಿರುವುದು ತರುವುದೇ ಜಾಣತನ. ಉಳಿಸಲೇಬೇಕೆಂದರೆ ಸೀಲಿಂಗಿಗೆ, ಅಟ್ಟಕ್ಕೆ, ಸಾಮಾನಿನ ಕೋಣೆಗೆ ಸಾಧಾರಣದ್ದು ಹಾಕಿಸಿ. ಮಕ್ಕಳು ಕೈ ಒರೆಸುವ ಹಾಲಿಗೆ, ಒಗ್ಗರಣೆ ಸಿಡಿಯುವ ಅಡಿಗೆಮನೆಗೆ ಒಳ್ಳೆಯದು ಹಾಕಿಸಿ.

ಕೂಲಿಯಲ್ಲಿ ಚೌಕಾಸಿ

ಹಾಗಾದರೆ ಕೂಲಿಯಲ್ಲಿ ಹಿಡಿಯೋಣ ಅಂತೀರಾ? ಅದನ್ನೂ ಲೆಕ್ಕ ಹಾಕಿ. 22,400ರಲ್ಲಿ ಮೇಸ್ತ್ರಿಯ ಪಾಲು ಒಂದು ಮೂರು ಸಾವಿರ ತೆಗೆಯಿರಿ. ಪೇಂಟರಿಗೆ ದಿನಕ್ಕೆ ಸಾವಿರ ರೂಪಾಯಿ ಕೂಲಿ ಹಿಡಿದರೆ ಹತ್ತೊಂಬತ್ತು ಆಳಿನ ಕೆಲಸ. ಮೂರು ಜನ ಆರೇಳು ದಿನ ಮಾಡುತ್ತಾರೆ. ಕೆರೆಯಲು, ಪುಟ್ಟಿ ಹಾಕಿ ಉಜ್ಜಲು, ಪ್ರೈಮರ್ ಆರಲು, ಎರಡು ಕೋಟು ಕೊಡಲು ಅಷ್ಟು ದಿನ ಬೇಕೇ ಬೇಕು.

ನೀವು ಎಳೆದಾಡಿ ಕೂಲಿಯನ್ನು ಅರ್ಧಕ್ಕೆ ಇಳಿಸಿದಿರಿ ಅನ್ನಿ. ಅವರೂ ಸಂಸಾರಸ್ಥರೇ, ದಿನದ ಕೂಲಿ ಬಿಟ್ಟುಕೊಡೋಕಾಗೋಲ್ಲ. ದಿನಗಳನ್ನು ಬಿಡುತ್ತಾರೆ. ಮೂರೇ ದಿನದಲ್ಲಿ ಮನೆ ಮಿರಮಿರ ಮಿಂಚುತ್ತದೆ, ನಿಮಗೂ ಖುಷಿ. ಬಿಟ್ಟುಹೋದದ್ದು ಕೆರೆತ, ಉಜ್ಜುವಿಕೆ, ಪ್ರೈಮರ್. ಅದು ಯಾರ ಕಣ್ಣಿಗೂ ಕಾಣುವುದಿಲ್ಲ, ಮುಂದಿನ ಮಳೆಗಾಲದಲ್ಲಿ ಚಕ್ಕೆ ಎದ್ದಾಗ ಕಾಣುತ್ತದೆ. ಆದ್ದರಿಂದ ದರ ಕೇಳುವಾಗ “ಎಷ್ಟು ಜನ, ಎಷ್ಟು ದಿನ?” ಎಂದೂ ಕೇಳಿ. ಕೆಲಸ ಬಲ್ಲ ಮೇಸ್ತ್ರಿ ತಡವರಿಸದೆ ಹೇಳುತ್ತಾನೆ.

ಗೋಡೆಗೆ ಜ್ವರವಿದ್ದರೆ

ಮೈಯಲ್ಲಿ ಜ್ವರ ಇಟ್ಟುಕೊಂಡು ರೇಷ್ಮೆ ಸೀರೆ ಉಟ್ಟ ಹಾಗೆ ಆಗಬಾರದು. ಮೊದಲು ಗೋಡೆ ನೋಡಿ. ಅಂಗೈಯಿಂದ ಉಜ್ಜಿದಾಗ ಬಿಳಿ ಪುಡಿ ಬಂತೇ? ಹಳೇ ಸುಣ್ಣದ ಪದರ ಅದು. ಕೆರೆದು ತೆಗೆಯದೆ ಮೇಲೆ ಎಮಲ್ಷನ್ ಹೊಡೆದರೆ ನಿಲ್ಲುವುದಿಲ್ಲ. ಗೋಡೆಯ ಬುಡದಲ್ಲಿ ಉಪ್ಪು ಕಟ್ಟಿದೆಯೇ, ಮೂಲೆಯಲ್ಲಿ ಕಪ್ಪು ಬೂಷ್ಟು ಇದೆಯೇ? ಅಲ್ಲಿಗೆ ನೀರು ಬರುತ್ತಿದೆ ಅಂತ ಅರ್ಥ.

ಒಂದು ಸುಲಭ ಪರೀಕ್ಷೆ. ಅನುಮಾನ ಇದ್ದ ಕಡೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಒಂದು ದಿನ ಬಿಡಿ. ಬಿಚ್ಚಿದಾಗ ಗೋಡೆಯ ಕಡೆಯ ಮಗ್ಗುಲಲ್ಲಿ ಹನಿ ಕೂತಿದ್ದರೆ ತೇವ ಗೋಡೆಯೊಳಗಿಂದಲೇ ಬರುತ್ತಿದೆ. ಆಗ ಬಣ್ಣದ ಹಣವನ್ನು ಮೊದಲು ತಾರಸಿಗೋ, ಒಡೆದ ನೀರಿನ ಪೈಪಿಗೋ ಹಾಕಿ.

ನಮ್ಮ ಪಶ್ಚಿಮದ ಬಡಾವಣೆಗಳಲ್ಲಿ ಇನ್ನೊಂದು ತೊಂದರೆ ಉಂಟು. 20×30, 30×40 ಸೈಟುಗಳಲ್ಲಿ ಎಷ್ಟೋ ಮನೆಗಳು ಗೋಡೆಗೆ ಗೋಡೆ ತಾಗಿಯೇ ನಿಂತಿವೆ. ನಡುವಿನ ಸಂದಿಗೆ ಬಣ್ಣವಿರಲಿ, ಕೈಯೂ ಹೋಗುವುದಿಲ್ಲ. ಮಳೆ ನೀರು ಮಾತ್ರ ಹೋಗುತ್ತದೆ! ಪಕ್ಕದ ಮನೆಯವರ ಜೊತೆ ಕೂತು ಮಾತಾಡಿ, ಖರ್ಚು ಹಂಚಿಕೊಂಡು, ತಾರಸಿಯ ಮಟ್ಟದಲ್ಲಿ ಆ ಸಂದಿಗೆ ಮುಚ್ಚಿಗೆ ಹಾಕಿಸಿ. ಅದು ಆಗುವವರೆಗೆ ಒಳಗೋಡೆಗೆ ಎಷ್ಟು ಸಲ ಬಣ್ಣ ಹೊಡೆದರೂ ಹಣ ನೀರಿಗೆ ಹಾಕಿದಂತೆಯೇ. ಇನ್ನು ಹೊಸ ಗಾರೆಯ ಗೋಡೆಯಾದರೆ ಕನಿಷ್ಠ ನಾಲ್ಕು ವಾರ ಆರಲು ಬಿಡಿ. ಗೃಹಪ್ರವೇಶದ ಅವಸರಕ್ಕೆ ಗೋಡೆ ಬೇಗ ಆರುವುದಿಲ್ಲ.

ದರ ಹೇಗಿದೆ?

ಇಷ್ಟು ತಿಳಿದ ಮೇಲೆ ದರ ಹೇಳಿದರೆ ದಾರಿ ತಪ್ಪುವುದಿಲ್ಲ. ನಮ್ಮ ಕಡೆ ಸಾಮಾನು, ಕೂಲಿ ಸೇರಿ ಗೋಡೆಯ ಚದರಡಿಗೆ ಹೀಗೆ ಕೇಳುತ್ತಾರೆ. ಹಳೇ ಬಣ್ಣದ ಮೇಲೆ ಸಾಧಾರಣ ಎಮಲ್ಷನ್ ಎರಡು ಕೋಟಿಗೆ 10ರಿಂದ 15. ಮೇಲ್ದರ್ಜೆಯದಕ್ಕೆ 13ರಿಂದ 20. ಒದ್ದೆ ಬಟ್ಟೆಯಲ್ಲಿ ಒರೆಸಿ ತೊಳೆಯಬಹುದಾದ ದುಬಾರಿ ಬಣ್ಣಕ್ಕೆ 22ರಿಂದ 35. ಹೊಸ ಗೋಡೆಗೆ ಪೂರ್ತಿ ಪುಟ್ಟಿ ಹಾಕಿಸುವುದಾದರೆ ಇದರ ಮೇಲೆ 10ರಿಂದ 15 ಸೇರಿಸಿ. ಹೊರಗೋಡೆಗೆ ಮಹಡಿಯ ಎತ್ತರ, ಸಾರುವೆ ನೋಡಿಕೊಂಡು 15ರಿಂದ 30.

ಕಾಲವೂ ಖರ್ಚಿಗೆ ಸೇರುತ್ತದೆ. ಎಲ್ಲರೂ ದಸರೆ, ದೀಪಾವಳಿಗೆ ಮುಂಚೆ ಬಣ್ಣ ಅಂತಾರೆ. ಆದರೆ ಬೆಂಗಳೂರಿನಲ್ಲಿ ದೊಡ್ಡ ಮಳೆ ಸುರಿಯುವುದೇ ಆಗಸ್ಟಿನಿಂದ ಅಕ್ಟೋಬರ್‌ವರೆಗೆ. ಅದರಲ್ಲೂ ಸೆಪ್ಟೆಂಬರ್ ಜೋರು. ಹೊರಗೋಡೆ ಆರುವುದಿಲ್ಲ, ಪೇಂಟರೂ ಕೈಗೆ ಸಿಗುವುದಿಲ್ಲ. ಒಳಗಿನದನ್ನು ಬೇಕಾದರೆ ಹಬ್ಬಕ್ಕೆ ಮುಗಿಸಿ, ಹೊರಗಿನದನ್ನು ಧನುರ್ಮಾಸಕ್ಕೆ ಇಡಿ. ಮದುವೆ, ಗೃಹಪ್ರವೇಶ ಇಲ್ಲದ ತಿಂಗಳು. ಮಳೆಯೂ ಇಲ್ಲ, ಮೇಸ್ತ್ರಿಯೂ ನಿಧಾನವಾಗಿ ಮಾತಿಗೆ ಸಿಗುತ್ತಾನೆ.

ಬಣ್ಣ ಯಾರು ತರಬೇಕು?

ಆದಷ್ಟು ನೀವೇ ತನ್ನಿ, ಇಲ್ಲವೇ ಮೇಸ್ತ್ರಿಯ ಜೊತೆ ಅಂಗಡಿಗೆ ಹೋಗಿ. ಕೆಲವು ಡಬ್ಬಗಳೊಳಗೆ ಪೇಂಟರಿಗೆಂದೇ ಟೋಕನ್ ಇಟ್ಟಿರುತ್ತಾರೆ. ಅಂಗಡಿಯಿಂದ ಕಮಿಷನ್ ಸಿಗುವುದೂ ಉಂಟು. “ಇದೇ ಬಣ್ಣ ತನ್ನಿ ಅಮ್ಮಾ” ಎಂಬ ಒತ್ತಾಯದ ಹಿಂದೆ ಅದೂ ಇರಬಹುದು ಅನ್ನುವುದು ತಿಳಿದಿದ್ದರೆ ಸಾಕು, ಜಗಳ ಬೇಡ. ಟೋಕನ್ ಅವರಿಗೇ ಇರಲಿ, ಡಬ್ಬದ ಸೀಲು ನಿಮ್ಮ ಎದುರಿಗೆ ಒಡೆಯಲಿ.

ಬಣ್ಣದ ಮೇಲೆ ಜಿಎಸ್‌ಟಿ ಶೇಕಡಾ 18. 2017ರಲ್ಲಿ 28 ಇದ್ದದ್ದು 2018ರ ಜುಲೈ 27ರಿಂದ ಇಳಿಯಿತು. ಡಬ್ಬದ ಮೇಲೆ ಅಚ್ಚಾದ ಬೆಲೆಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಅದರ ಮೇಲೆ ಮತ್ತೆ ತೆರಿಗೆ ಕೇಳಿದರೆ ಕೊಡಬೇಡಿ. ಗುತ್ತಿಗೆದಾರ ಇಡೀ ಕೆಲಸಕ್ಕೆ ಜಿಎಸ್‌ಟಿ ಹಾಕಿದರೆ ಅವನ ಹದಿನೈದು ಅಕ್ಷರದ ನೋಂದಣಿ ಸಂಖ್ಯೆ ಇರುವ ಬಿಲ್ ಕೇಳಿ.

ಮೆಷಿನ್ನಿನಲ್ಲಿ ಕಲಸಿದ ಬಣ್ಣವನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಮೊದಲು ಒಂದು ಲೀಟರ್ ತಂದು ಗೋಡೆಗೆ ಹಚ್ಚಿ, ಹಗಲಲ್ಲೂ ದೀಪದ ಬೆಳಕಲ್ಲೂ ನೋಡಿ. ಬಣ್ಣದ ನಂಬರನ್ನು ಬೀರುವಿನ ಬಾಗಿಲ ಒಳಗೆ ಬರೆದಿಡಿ. ಅರ್ಧ ಲೀಟರ್ ಉಳಿಸಿಟ್ಟರೆ ಮೊಳೆ ಕಿತ್ತ ಗುರುತು ಮುಚ್ಚಲು ಆಗುತ್ತದೆ. ಖಾಲಿ ಬಕೆಟ್‌ಗಳು ನಿಮ್ಮವೇ, ನೆಲ ಒರೆಸಲು ಇಟ್ಟುಕೊಳ್ಳಿ. ಅದರಲ್ಲಿ ಅಕ್ಕಿ, ಬೇಳೆ, ಕುಡಿಯುವ ನೀರು ಮಾತ್ರ ಬೇಡ.

ಮಕ್ಕಳಿರುವ ಮನೆಯವರಿಗೆ

ಹಳೇ ಬಾಗಿಲು, ಕಿಟಕಿ, ಗ್ರಿಲ್ಲಿನ ಎನಾಮಲ್ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಕೇಡು. ಇಷ್ಟು ಹೋದರೆ ಪರವಾಗಿಲ್ಲ ಅನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಪ್ರೊ. ತುಪ್ಪಿಲ್ ವೆಂಕಟೇಶ್ ಅವರು ಈ ಮಾತನ್ನು ವರ್ಷಗಟ್ಟಲೆ ಸಾರುತ್ತ ಬಂದವರು. ಕೇಂದ್ರ ಸರ್ಕಾರ 2016ರಲ್ಲಿ ಮಾಡಿದ ನಿಯಮ 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಮನೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು. ಡಬ್ಬದ ಮೇಲೆ ಅದು ಅಚ್ಚಾಗಿದೆಯೇ ಓದಿ.

ಹೊಸ ಡಬ್ಬಕ್ಕೆ ನಿಯಮ ಬಂತು, ಹಳೇ ಬಾಗಿಲಿನ ಮೇಲಿನ ಬಣ್ಣ ಹಾಗೇ ಇದೆ. ಅದನ್ನು ಒಣಗಿದಂತೆಯೇ ಉಜ್ಜಿದರೆ ಧೂಳು ಮನೆ ತುಂಬುತ್ತದೆ. ನೀರು ಚಿಮುಕಿಸಿ ಉಜ್ಜಲು ಹೇಳಿ. ಬಸುರಿ ಹೆಂಗಸರು, ಚಿಕ್ಕ ಮಕ್ಕಳು ಆ ದಿನಗಳಲ್ಲಿ ಬೇರೆ ಕಡೆ ಇರಲಿ. ಕಸವನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಉಜ್ಜುವವರ ಮೂಗಿಗೂ ಒಂದು ಮುಖಗವಸು ಕೊಡಿ. ಅವರು ದಿನವೂ ಅದೇ ಧೂಳಿನಲ್ಲಿ ದುಡಿಯುವವರು.

ಚೀಟಿಯಲ್ಲಿ ಏನಿರಬೇಕು?

ಕೆಲಸಕ್ಕೆ ಮುಂಚೆ ಒಂದು ಹಾಳೆಯಲ್ಲಿ ಇಷ್ಟು ಬರೆಸಿ, ಇಬ್ಬರೂ ಸಹಿ ಹಾಕಿ:

1. ಗೋಡೆ, ಸೀಲಿಂಗ್ ಸೇರಿ ಒಟ್ಟು ಎಷ್ಟು ಚದರಡಿ, ಯಾವುದನ್ನು ಕಳೆದಿದೆ.

2. ಕೆರೆಯುವುದು, ಪುಟ್ಟಿ, ಪ್ರೈಮರ್, ಬಣ್ಣ — ಯಾವುದು ಎಷ್ಟು ಕೋಟು.

3. ಬಣ್ಣದ ಕಂಪನಿ, ದರ್ಜೆ, ನಂಬರು, ತರುವವರು ಯಾರು.

4. ಬಾಗಿಲು, ಕಿಟಕಿ, ಗ್ರಿಲ್ಲು, ಗೇಟು ಸೇರಿದೆಯೋ ಇಲ್ಲವೋ.

5. ಸಾರುವೆ, ಸಾಮಾನು ಸರಿಸುವುದು, ನೆಲ ಒರೆಸಿ ಕಸ ತೆಗೆಯುವುದು ಯಾರ ಲೆಕ್ಕ.

6. ಎಷ್ಟು ಜನ, ಎಷ್ಟು ದಿನ.

7. ಹಣ ಯಾವಾಗ ಎಷ್ಟು. ಶುರುವಿಗೆ ಕಾಲು ಭಾಗ, ಪ್ರೈಮರ್ ಮುಗಿದಾಗ ಕಾಲು ಭಾಗ, ಉಳಿದದ್ದು ಕೊನೆಗೆ. ಹತ್ತರಲ್ಲೊಂದು ಪಾಲನ್ನು ಕೆಲಸ ಮುಗಿದು ಒಂದು ವಾರವಾದ ಮೇಲೆ ಕೊಡುವುದು ವಾಡಿಕೆಯಾಗಲಿ.

ಚೀಟಿ ಕೇಳಿದರೆ ಮೇಸ್ತ್ರಿಗೆ ಅಪನಂಬಿಕೆ ಅನ್ನಿಸೀತೇ ಅಂತ ಸಂಕೋಚ ಬೇಡ. “ನಮ್ಮ ಯಜಮಾನರಿಗೆ ಲೆಕ್ಕ ಒಪ್ಪಿಸಬೇಕಪ್ಪ, ಬರೆದುಕೊಟ್ಟುಬಿಡು” ಅಂತ ನಗುತ್ತಾ ಹೇಳಿ. ಅದರಿಂದ ಅವನಿಗೂ ಲಾಭವೇ. ಕೆಲಸ ಮುಗಿದ ಮೇಲೆ “ಇದೂ ಸೇರಿತ್ತಲ್ಲ” ಎಂದು ನಾವು ಹೊಸ ಕೆಲಸ ಹೇರೋಕಾಗೋಲ್ಲ. ಯಜಮಾನರಿಂದ ಹೇಳಿಸಿ ಅಂತ ಕಾಯಲೂಬೇಡಿ. ಗೋಡೆಯ ಯಾವ ಮೂಲೆ ಒದ್ದೆ, ಯಾವ ಬಾಗಿಲು ಮಳೆಗೆ ಹಿಗ್ಗುತ್ತದೆ ಅನ್ನುವುದು ಮನೆಯಲ್ಲಿರುವ ನಮಗೇ ತಾನೇ ಗೊತ್ತು?

ಹಾಸನ, ತುಮಕೂರು, ಹಾವೇರಿಯಂಥ ಊರುಗಳಲ್ಲಿರುವ ಸೋದರಿಯರೇ, ನಿಮ್ಮಲ್ಲಿ ಕೂಲಿ ಇಷ್ಟಿರಲಾರದು. ಡಬ್ಬದ ಬೆಲೆ ಮಾತ್ರ ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. ನಿಮ್ಮ ಊರಿನ ದಿನಗೂಲಿ ಕೇಳಿಕೊಂಡು ಮೇಲಿನ ಲೆಕ್ಕದಲ್ಲಿ ಆ ಒಂದು ಅಂಕಿ ಬದಲಾಯಿಸಿ, ನಿಮ್ಮ ಮನೆಯ ಖರ್ಚು ತಾನೇ ಹೊರಬರುತ್ತದೆ. ಬಂದ ಮೊತ್ತದ ಮೇಲೆ ಹತ್ತರಲ್ಲೊಂದು ಪಾಲು ಪಕ್ಕಕ್ಕೆ ಎತ್ತಿಟ್ಟು ಆಮೇಲೆ ಮೇಸ್ತ್ರಿಗೆ ಹೇಳಿಕಳಿಸಿ. ಬಣ್ಣ ಆರಿಸಲು ಒಂದು ಸಂಜೆ ಸಾಕು, ಅಳತೆಗೂ ಚೀಟಿಗೂ ಒಂದು ಭಾನುವಾರ ಪೂರ್ತಿ ಕೊಡಿ.

ತಾರಸಿ ಸೋರುವುದಕ್ಕೆ ಏನು ಮಾಡಬೇಕು, ಎಷ್ಟು ಖರ್ಚು ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.